ತೋನ್ಸೆಪಾರ್ ಮತ್ತು ನನ್ನ ಬಾಯಿ

ಪ್ರೀತಿಯ ಮಾರಾಯ,

ವಾಟ್ಸಾಪ್‌ನಲ್ಲಿ ಬರೆದರೆ ನೀನು ಹೆಬ್ಬೆರಳು ಎತ್ತಿ ಮುಗಿಸುತ್ತಿ. ಅದಕ್ಕೇ ಇಲ್ಲಿ, ನಾಲ್ಕು ಜನರೆದುರು. ಮೂರನೇ ಚಪ್ಪಲಿಯ ವಿಷಯ ಎತ್ತುವುದಿಲ್ಲ, ಆಣೆ.

ಕಳೆದ ವಾರ ಬೆಂಗಳೂರಿನ ಆಫೀಸಿನವರನ್ನು ಕಟ್ಟಿಕೊಂಡು ಮಲ್ಪೆಗೆ ಹೋಗಿದ್ದೆ. ಅಲ್ಲಿಂದ ಬೋಟ್ ಹತ್ತಿ ಸೈಂಟ್ ಮೇರೀಸ್ ದ್ವೀಪಕ್ಕೆ, ನಮ್ಮೂರಿನವರ ತೋನ್ಸೆಪಾರ್‌ಗೆ. ನನ್ನ ಗೈಡ್‌ಗಿರಿ ನೀನು ನೋಡಬೇಕಿತ್ತು! ಮನೆ ಮಠ ಇಲ್ಲದ ನಾಲ್ಕು ತುಂಡು ನೆಲ, ಕಾಲಿಗೆ ಚುಚ್ಚುವ ಚಿಪ್ಪಿನ ರಾಶಿ, ಮತ್ತೆ ಆ ಕಲ್ಲಿನ ಕಂಬಗಳು. “ಇದನ್ನು ಯಾವ ರಾಜ ಕಡಿಸಿದ್ದು?” ಅಂತ ಒಬ್ಬಳು ಕೇಳಿದಳು. ಸಿಕ್ಕಿತಲ್ಲ ಅವಕಾಶ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿನ ಲಾವಾ. ತಣಿಯುತ್ತ ಕುಗ್ಗಿ, ನೀರು ಬತ್ತಿದ ಗದ್ದೆಯ ಹಾಗೆ ಬಿರಿದು, ಬಿರುಕು ಕೆಳಗಿಳಿದು ಆರು ಮೂಲೆಯ ಕಂಬವಾಯಿತು ಅಂದೆ. ಇನ್ನೊಬ್ಬ ಬಸಾಲ್ಟ್ ಅಂದದ್ದಕ್ಕೆ, ಅಲ್ಲ, ಸಿಲಿಕಾ ಹೆಚ್ಚಿರುವ ಬೇರೆ ಜಾತಿ ಅಂತ ತಿದ್ದಿಯೂ ಬಿಟ್ಟೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು, ಕಂಬ ನೆಟ್ಟು, ಮೇರಿ ಮಾತೆಯ ಹೆಸರಿಟ್ಟ ಎಂಬ ಪ್ರತೀತಿಯನ್ನೂ ಬಿಡಲಿಲ್ಲ. ಕಂಬವೇ ತುಂಬಿದ ದ್ವೀಪಕ್ಕೆ ಇನ್ನೊಂದು ಕಂಬ! ಎಲ್ಲರೂ ನಕ್ಕರು.

ಸಂಜೆ ಮನೆಯಲ್ಲಿ ಚಾ ಕುಡಿಯುವಾಗ ಅಪ್ಪ ಕೇಳಿದರು, “ತೋನ್ಸೆಪಾರ್‌ನಲ್ಲಿ ಅಲೆ ಹೇಗಿತ್ತು?” ನಾನು ಅಷ್ಟೂ ಜನರೆದುರು, “ಸೈಂಟ್ ಮೇರೀಸ್ ಅಪ್ಪ, ಸೈಂಟ್ ಮೇರೀಸ್” ಅಂದೆ. ಅಂಗನವಾಡಿ ಮಕ್ಕಳಿಗೆ ಹೇಳಿಕೊಡುವ ಹಾಗೆ. ಅಪ್ಪ “ಹಾಂ, ಅದೇ” ಅಂದು ಒಳಗೆ ಹೋದರು.

ಮೂವತ್ತು ವರ್ಷ ಅದರ ಗುರುತು ಹಿಡಿದೇ ಬೋಟನ್ನು ಬಂದರಿಗೆ ತಂದವರು. ಯಾವ ಬಂಡೆಗೆ ಏನು ಹೆಸರು, ಯಾವುದರ ಬುಡದಲ್ಲಿ ಬಲೆ ಹರಿಯುತ್ತದೆ ಅಂತ ಒಮ್ಮೆ ಒಂದೊಂದಾಗಿ ಹೇಳಿದ್ದರು. ನಾನು ಮೊಬೈಲ್ ಒತ್ತುತ್ತ ಹ್ಞೂಂಗುಟ್ಟಿದ್ದೆ. ಒಂದೂ ನೆನಪಿಲ್ಲ. ಮಡಗಾಸ್ಕರ್ ನೆನಪುಂಟು.

ಮೊನ್ನೆ ಫೋನಿನಲ್ಲಿ ಅಪ್ಪ, “ಸೈಂಟ್ ಮೇರಿಯ ಹತ್ತಿರ ಒಳ್ಳೆ ಬಂಗುಡೆ ಸಿಕ್ಕಿತಂತೆ” ಅಂದರು. ಕುಟುಕಲಿಕ್ಕೆ ಅಲ್ಲ ಮಾರಾಯ, ನಿಜವಾಗಿಯೇ ಹೆಸರು ಬದಲಿಸಿಕೊಂಡಿದ್ದಾರೆ. ನನಗೆ ಮರ್ಯಾದೆ ಹೋಗಬಾರದು ಅಂತ. ಐನೂರು ವರ್ಷದಲ್ಲಿ ಗಾಮಾನಿಗೆ ಆಗದ್ದನ್ನು ನಾನು ಒಂದು ಗ್ಲಾಸು ಚಾ ಮುಗಿಯುವುದರೊಳಗೆ ಮಾಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಕ್ಷಮೆ ಕೇಳಲಿಕ್ಕೂ ಬಾಯಿ ಬರುವುದಿಲ್ಲ. ತಿದ್ದಲಿಕ್ಕೆ ಮಾತ್ರ ಬರುವ ಬಾಯಿ ಇದು.

ಸಾಕು. ಇಷ್ಟು ಬರೆಯುವ ಅಂದಾಜಿರಲಿಲ್ಲ. ಓದುವವರು ದಯವಿಟ್ಟು ಅಳುವ ಮುಖ ಹಾಕಬೇಡಿ. ಅಂದಹಾಗೆ, ಮಡಗಾಸ್ಕರ್ ಯಾವ ದಿಕ್ಕು ಅಂತ ಕೈ ತೋರಿಸಲು ಹೋಗಿ ನಾನು ಕಂಬದಿಂದ ಜಾರಿ ಕುಕ್ಕರಿಸಿದ್ದರ ವಿಡಿಯೋ ಆಫೀಸ್ ಗ್ರೂಪಿನಲ್ಲಿ ಓಡಾಡುತ್ತಾ ಉಂಟು. ನಿನಗೆ ಕಳಿಸುವುದಿಲ್ಲ.

ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವಕ್ಕೆ ಬಾ. ಬಂಡೆಗಳ ಹೆಸರು ನೀನೇ ಅಪ್ಪನ ಹತ್ತಿರ ಕೇಳು, ನಾನು ಬಾಗಿಲ ಹಿಂದೆ ನಿಂತು ಬರೆದುಕೊಳ್ಳುತ್ತೇನೆ.

ಚಪ್ಪಲಿ ತರಬೇಡ.

ನಿನ್ನ,
ಗೈಡ್