ಭಾನುವಾರದ ಹಾಡಿನ ಕೂಟ: ಜಾಗ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಸ್ವಂತ ಹಾಡು ಕಟ್ಟಿ ಹಾಡುವವರ ಕೂಟ ಈ ಭಾನುವಾರ ಸಂಜೆ 4ಕ್ಕೆ. ಕುಕ್ಕರಹಳ್ಳಿ ಕೆರೆ ಹತ್ತಿರ ಅಲ್ಲ, ಸರಸ್ವತಿಪುರಂನ ನಮ್ಮ ಮನೆ ತಾರಸಿಯಲ್ಲಿ. ಕಳೆದ ಸಲ ಮಳೆ ಬಂದು, ಗಿಟಾರ್‌ಗೆ ಜರ್ಕಿನ್ ಹೊದಿಸಿ ನಾನು ನೆನೆದುಕೊಂಡು ಹೋಗಿದ್ದು ನೆನಪಿದೆ ಅಲ್ವಾ? ಇಲ್ಲಿ ಶೀಟ್ ಹಾಕಿಸಿದ್ದೇವೆ.

ಒಬ್ಬರಿಗೆ ಒಂದೇ ಹಾಡು. ಪಲ್ಲವಿ ಮಾತ್ರ ಆಗಿದ್ದರೂ ಪರವಾಗಿಲ್ಲ, ತನ್ನಿ. ಅದು ಹುಟ್ಟಿದ್ದು ಹೇಗೆ ಅಂತ ಎರಡು ಮಾತು ಹೇಳಿ. ಹೋದ ತಿಂಗಳು ಒಬ್ಬರು ಮಂಡ್ಯದ ರೈಲು ಟಿಕೆಟ್ ಹಿಂದೆ ಗೀಚಿದ್ದ ನಾಲ್ಕು ಸಾಲು ತೋರಿಸಿದರು. ತಾಳ ಕೂಡ ರೈಲಿನ ಸದ್ದಿನದೇ! ಅಂಥದ್ದನ್ನು ಕೇಳಲೆಂದೇ ನಾವು ಸೇರುವುದು.

ಕೊನೆಗೆ ಅರ್ಧ ಗಂಟೆ ದುಡ್ಡಿನ ಮಾತು. ಸಾಹಿತ್ಯ, ಸಂಗೀತ, ರೆಕಾರ್ಡಿಂಗ್ ಮೂರಕ್ಕೂ ಬೇರೆ ಬೇರೆ ಹಕ್ಕು ಇದೆ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದ ಮೇಲೆ, ಸಿನಿಮಾಗೆ ಬರೆದ ಹಾಡು ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದರೆ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿ ಪಾಲು ಸಿಗಬೇಕು. ನಿಮ್ಮ ಹತ್ತಿರ ಕರಾರು ಪತ್ರ ಇದ್ದರೆ ತನ್ನಿ. ಓದದೆ ಸಹಿ ಹಾಕಿ ಒಂದು ಹಾಡು ಕಳೆದುಕೊಂಡವನು ನಾನು.

ಆಂಪ್ ಬೇಡ, ಪಕ್ಕದ ಮನೆ ಹುಡುಗಿಗೆ ಪರೀಕ್ಷೆ. ಕೀಬೋರ್ಡ್ ತರುವವರು ಮೊದಲೇ ಹೇಳಿ, ಮೇಲೆ ಪ್ಲಗ್ ಪಾಯಿಂಟ್ ಒಂದೇ ಇದೆ.

ಶುಕ್ರವಾರ ರಾತ್ರಿಯೊಳಗೆ ‘ಹಾಡುತ್ತೇನೆ’ ಅಥವಾ ‘ಕೇಳಲು ಬರುತ್ತೇನೆ’ ಅಂತ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಬೇಡಿ, ಕಾಫಿ ಲೆಕ್ಕ ತಪ್ಪುತ್ತದೆ. ಲೊಕೇಶನ್ ಶನಿವಾರ ಹಾಕುತ್ತೇನೆ.