ಅಕ್ಕನ ಕೈಕಾಲು ಸರಿಯಾಗಿವೆ, ಸಾಹೇಬರೇ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ನಾನು ಹಳೇ ಹುಬ್ಬಳ್ಳಿಯವನು, ನಿಮ್ಮ ಕ್ಷೇತ್ರದ ಮತದಾರ. ಹಿಂದೊಮ್ಮೆ ನಿಮ್ಮ ಕಚೇರಿಗೆ ಬಂದಿದ್ದೆ. ಅಕ್ಕನ ಕಾಯಿಲೆಯ ಬಗ್ಗೆ ನಾನು ಬರೆದ ಅರ್ಜಿಯನ್ನು ಓದಿದ ನೀವು ‘ಇದು ಯಾವ ಇಲಾಖೆಗೆ ಬರುತ್ತದೆ?’ ಎಂದು ಆಪ್ತ ಸಹಾಯಕರನ್ನು ಕೇಳಿದಿರಿ. ಅವರಿಗೂ ತಿಳಿಯಲಿಲ್ಲ. ತಪ್ಪು ನಿಮ್ಮಿಬ್ಬರದೂ ಅಲ್ಲ, ನಾನೇ ಅವಸರದಲ್ಲಿ ಗೀಚಿಕೊಂಡು ಬಂದಿದ್ದೆ. ಈ ಸಲ ಬಿಡಿಸಿ ಬರೆಯುತ್ತಿದ್ದೇನೆ, ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ.

ನನ್ನ ಅಕ್ಕ ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷ ಲೆಕ್ಕ ಬರೆದವಳು. ಮೆಣಸಿನಕಾಯಿ ಹಂಗಾಮಿನಲ್ಲಿ ಕಿವಿಗೆ ಫೋನು, ಎದುರಿಗೆ ದರಕ್ಕೆ ಜಗಳ ತೆಗೆದ ರೈತ, ಪಕ್ಕದಲ್ಲಿ ತೂಕ ಕೂಗುವ ಹಮಾಲ. ಮೂವರಿಗೂ ಉತ್ತರ ಕೊಡುತ್ತಲೇ ಪಟ್ಟಿಯ ಮೊತ್ತವನ್ನು ಪೈಸೆ ತಪ್ಪದೆ ಹಾಕುತ್ತಿದ್ದಳು. ಇಂದಿಗೂ ಒಂದು ಲೆಕ್ಕ ಕೊಟ್ಟು ಸುಮ್ಮನೆ ಕುಳಿತರೆ ಬಿಡಿಸಿ ಕೊಡುತ್ತಾಳೆ. ನಡುವೆ ಯಾರಾದರೂ ‘ಚಹಾ ಬೇಕೇ?’ ಎಂದರೆ ಮುಗಿಯಿತು. ಲೆಕ್ಕವೂ ಕೈಬಿಟ್ಟು ಹೋಗುತ್ತದೆ, ಚಹಾ ಬೇಕೋ ಬೇಡವೋ ಎಂಬುದೂ ಹೊಳೆಯುವುದಿಲ್ಲ.

ಮೂವತ್ತು ದಾಟುವ ಹೊತ್ತಿಗೆ ಅವಳಿಗೆ ಕಿವಿ ಮಂದವಾಯಿತು, ಹಿಂದೆಯೇ ಸಕ್ಕರೆ ಕಾಯಿಲೆ. ಮೂವತ್ತಾರರಲ್ಲಿ ಒಂದು ಬೆಳಗಿನ ಜಾವ ತಲೆಸಿಡಿತ, ವಾಂತಿ, ಫಿಟ್ಸ್. ಎಚ್ಚರವಾದಾಗ ಎಡಗಡೆಯ ನೋಟವೇ ಇರಲಿಲ್ಲ. ನಗರದ ಒಂದು ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು. ಆಮೇಲೆ ಮೂರು ವರ್ಷ ಕಿವಿಗೊಬ್ಬರು, ಸಕ್ಕರೆಗೊಬ್ಬರು, ಫಿಟ್ಸ್‌ಗೊಬ್ಬರು. ಮೂವರದೂ ಬೇರೆ ಬೇರೆ ಫೈಲು. ಮೂರನ್ನೂ ಒಂದೇ ಮೇಜಿನ ಮೇಲೆ ಹರವಿ ಕುಳಿತವರು ಬೆಂಗಳೂರಿನ ಒಬ್ಬ ವೈದ್ಯೆ. ಅವರು ಮೊದಲು ಕೇಳಿದ್ದು ಅಕ್ಕನ ವಿಷಯವನ್ನಲ್ಲ, ಅವ್ವನ ವಿಷಯವನ್ನು. ಅವರಿಗೆ ಕಿವಿ ಕೇಳಿಸುತ್ತಿತ್ತೇ? ಸಕ್ಕರೆ ಇತ್ತೇ? ನಮ್ಮ ಅವ್ವ ಕೊನೆಯ ಹತ್ತು ವರ್ಷ ಕಿವುಡಿಯಾಗಿಯೇ ಬದುಕಿದಳು, ಸಕ್ಕರೆ ಕಾಯಿಲೆಯಿಂದಲೇ ಹೋದಳು.

ಕಾಯಿಲೆಯ ಹೆಸರು ಮೆಲಾಸ್. ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಎಂಬ ಸಣ್ಣ ಒಲೆಗಳಿರುತ್ತವೆ. ತಿಂದ ಅನ್ನವನ್ನೂ ಉಸಿರಾಡಿದ ಆಮ್ಲಜನಕವನ್ನೂ ಶಕ್ತಿಯಾಗಿ ಮಾಡುವವು ಅವೇ. ಅವುಗಳಿಗೆ ತಮ್ಮದೇ ಆದ ಪುಟ್ಟ ಡಿಎನ್‌ಎ ಉಂಗುರವಿದೆ, 16,569 ಅಕ್ಷರಗಳದ್ದು. ಅದರ 3243ನೆಯ ಜಾಗದಲ್ಲಿ ‘ಎ’ ಇರಬೇಕಾದಲ್ಲಿ ‘ಜಿ’ ಬಂದು ಕುಳಿತಿದೆ, ಅಷ್ಟೇ. ಈ ಉಂಗುರ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಒಂದೇ ಕೋಶದಲ್ಲಿ ಸರಿಯಾದವೂ ಕೆಟ್ಟವೂ ಬೆರೆತಿರುತ್ತವೆ, ಆ ಬೆರಕೆಯ ಪ್ರಮಾಣ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲೂ ಬೇರೆ ಬೇರೆ. ಅಕ್ಕನಿಗೆ ಹಾಗಾಯಿತು. ನನಗೆ ಇದುವರೆಗೆ ಬಲಗಿವಿ ಮಾತ್ರ ಮಂದವಾಗಿದೆ.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಭಾಗದಲ್ಲಿ ಮಕ್ಕಳಿಗೆ ಏನಾದರೂ ಆದರೆ ಮೊದಲ ಪ್ರಶ್ನೆ ‘ಸಂಬಂಧದಲ್ಲೇ ಮದುವೆಯೇ?’ ಎಂಬುದು. ಮೈಟೊಕಾಂಡ್ರಿಯಾಕ್ಕೆ ಬೇಕಾದ ಬಹುಪಾಲು ಪ್ರೋಟೀನುಗಳ ನಕ್ಷೆ ಕೋಶಕೇಂದ್ರದ ಡಿಎನ್‌ಎಯಲ್ಲಿದೆ. ದೋಷ ಅಲ್ಲಿದ್ದರೆ ಅದು ತಂದೆ, ತಾಯಿ ಇಬ್ಬರಿಂದಲೂ ಬರಬಹುದು, ಆಗ ಸೋದರಮಾವನೊಂದಿಗಿನ ಮದುವೆಯ ಪ್ರಶ್ನೆಗೆ ಅರ್ಥವಿದೆ. ನಮ್ಮ ಮನೆಯ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಅಕ್ಕ ಅಪರಿಚಿತರ ಮನೆಗೇ ಹೋದವಳು, ಆದರೂ ‘ತವರಿನಿಂದ ರೋಗ ತಂದಳು’ ಎಂಬ ಮಾತನ್ನು ಕೇಳಿಸಿಕೊಂಡು ತವರಿಗೇ ಮರಳಿದಳು. ಈ ಮಾತು ಕೇಳುವಷ್ಟು ಕಿವಿ ಇನ್ನೂ ಉಳಿದಿತ್ತು ಅವಳಿಗೆ.

ಈಗ ನನ್ನ ಅರ್ಜಿಯ ವಿಷಯ. ಅಕ್ಕ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ವೈದ್ಯಕೀಯ ಮಂಡಳಿಯೊಂದರ ಮುಂದೆ ಕುಳಿತಳು. ಕೈ ಎತ್ತಿಸಿದರು, ಕಾಲು ಎತ್ತಿಸಿದರು. ಹೆಸರು, ಊರು, ಇಂದು ಯಾವ ವಾರ ಎಂದು ಕೇಳಿದರು. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು. ಕಿವಿಗೆ ಒಂದಿಷ್ಟು ಶೇಕಡಾ ಬರೆದರು, ಅದು ಸೌಲಭ್ಯಗಳಿಗೆ ಬೇಕಾದ 40 ಮುಟ್ಟಲಿಲ್ಲ. ‘ಕೈಕಾಲು ಚೆನ್ನಾಗಿವೆಯಲ್ಲಮ್ಮ, ಮನಸ್ಸು ಗಟ್ಟಿ ಮಾಡಿಕೋ’ ಎಂದು ಕಳುಹಿಸಿದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವಳಲ್ಲಿ ಕೆಟ್ಟಿರುವುದನ್ನು ಅಳೆಯುವ ಪಟ್ಟಿ ಅವರ ಕೈಯಲ್ಲಿರಲಿಲ್ಲ.

ಕೆಟ್ಟಿರುವುದು ಏನು? ಹುಬ್ಬಳ್ಳಿಯವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮದು ಜಂಕ್ಷನ್ ಊರು. ಒಂದು ಹಳಿ ಗದಗಕ್ಕೆ, ಒಂದು ಧಾರವಾಡ ದಾಟಿ ಲೋಂಡಾಕ್ಕೆ, ಒಂದು ಹಾವೇರಿಯ ಮೇಲೆ ಬೆಂಗಳೂರಿಗೆ. ಇಲ್ಲಿ ಸಿಗ್ನಲ್ ಕೆಟ್ಟರೆ ಗದಗ ನಿಲ್ದಾಣದ ಕಟ್ಟಡಕ್ಕೆ ಏನೂ ಆಗಿರುವುದಿಲ್ಲ, ಹಾವೇರಿಯ ಹಳಿಗೂ ಏನೂ ಆಗಿರುವುದಿಲ್ಲ, ಆದರೆ ಯಾವ ಗಾಡಿಯೂ ಹೊತ್ತಿಗೆ ಬರುವುದಿಲ್ಲ. ಮೆದುಳಿನಲ್ಲೂ ಹಲವು ದಾರಿಗಳು ಕೂಡುವ ಜಂಕ್ಷನ್ನುಗಳಿವೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮೆದುಳು ವಿಶ್ರಾಂತಿಯಲ್ಲೂ ಒಟ್ಟು ಶಕ್ತಿಯ ಸುಮಾರು ಶೇ 20ನ್ನು ತಾನೇ ಉಣ್ಣುತ್ತದೆ. ಅದರೊಳಗೆ ಹೆಚ್ಚು ಹಸಿವಿರುವುದು ಈ ಜಂಕ್ಷನ್ನುಗಳಿಗೆ. ಒಲೆಯೇ ಸರಿಯಾಗಿ ಉರಿಯದ ಮನೆಯಲ್ಲಿ ಮೊದಲು ಸೊರಗುವುದು ಹೆಚ್ಚು ಉಣ್ಣುವವನೇ ಅಲ್ಲವೇ?

ಇದನ್ನು ನೋಡುವ ವಿಧಾನವೂ ಇದೆ. ಎಂಆರ್‌ಐ ಯಂತ್ರದಲ್ಲಿ ಕೆಲವು ನಿಮಿಷ ಏನೂ ಮಾಡದೆ ಎಚ್ಚರವಾಗಿ ಮಲಗಿಸಿ, ಮೆದುಳಿನ ಯಾವ ಯಾವ ಭಾಗಗಳಲ್ಲಿ ರಕ್ತದ ಆಮ್ಲಜನಕ ಒಟ್ಟೊಟ್ಟಿಗೆ ಏರಿಳಿಯುತ್ತದೆ ಎಂದು ಗುರುತಿಸುತ್ತಾರೆ. ಒಟ್ಟಿಗೆ ಏರಿಳಿಯುವ ಭಾಗಗಳು ಕೂಡಿ ಕೆಲಸ ಮಾಡುವ ಜಾಲ ಎಂದು ತಿಳಿಯುತ್ತಾರೆ. ಮೆಲಾಸ್ ಇರುವವರಲ್ಲಿ ಈ ಜಾಲಗಳ ಸಂಪರ್ಕ ಆರೋಗ್ಯವಂತರಿಗಿಂತ ಬದಲಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಉತ್ಪ್ರೇಕ್ಷೆ ಮಾಡುವುದಿಲ್ಲ: ಇವು ಸಣ್ಣ ಗುಂಪುಗಳ ಅಧ್ಯಯನಗಳು. ರಕ್ತ ಮತ್ತು ಆಮ್ಲಜನಕದ ಲೆಕ್ಕವೇ ಏರುಪೇರಾಗುವ ಕಾಯಿಲೆಯಲ್ಲಿ ಈ ಚಿತ್ರವನ್ನು ಎಚ್ಚರದಿಂದ ಓದಬೇಕು. ಒಬ್ಬ ರೋಗಿಯ ಚಿತ್ರ ನೋಡಿ ಶೇಕಡಾ ಬರೆಯಲು ಬರುವುದಿಲ್ಲ, ಹಾಗಾಗಿ ಆ ಯಂತ್ರ ತರಿಸಿ ಎಂದು ನಾನು ಕೇಳುತ್ತಿಲ್ಲ. ಕೈಕಾಲು ನೆಟ್ಟಗಿರುವವರಲ್ಲೂ ಮೆದುಳಿನ ಭಾಗಗಳ ಹೊಂದಾಣಿಕೆ ತಪ್ಪಿರಬಹುದು, ಅದು ಸೋಮಾರಿತನವಲ್ಲ, ನಾಟಕವಲ್ಲ ಎಂಬುದನ್ನು ನಮ್ಮ ವ್ಯವಸ್ಥೆ ಒಪ್ಪಿಕೊಂಡರೆ ಸಾಕು. ಯಂತ್ರವಿಲ್ಲದೆಯೂ ಅಳೆಯಬಹುದು: ಗಮನ, ನೆನಪು, ಎರಡು ಕೆಲಸಗಳನ್ನು ಕೂಡಿಸಿ ಮಾಡುವ ಶಕ್ತಿಗೆ ಪರೀಕ್ಷೆಗಳಿವೆ, ಪೆನ್ನು, ಕಾಗದ, ಗಡಿಯಾರ ಮತ್ತು ತರಬೇತಾದ ಒಬ್ಬ ಮನೋವಿಜ್ಞಾನಿ ಇದ್ದರೆ ಆಯಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅದರ ಹೆಸರಿನಲ್ಲಿಯೇ ಮಾನಸಿಕ ಆರೋಗ್ಯವೂ ಇದೆ, ನರವಿಜ್ಞಾನವೂ ಇದೆ. ತಿಂಗಳಿಗೆ ಒಂದು ದಿನ ಅಲ್ಲಿ ಇಂಥವರನ್ನು ನರರೋಗ, ಕಿವಿ, ಸಕ್ಕರೆ ವೈದ್ಯರು ಕೂಡಿ ನೋಡಲಿ. ಅಲ್ಲಿಯ ವರದಿಯನ್ನು ಮಂಡಳಿಗಳು ಒಪ್ಪಿಕೊಳ್ಳಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ದೀರ್ಘಕಾಲದ ನರರೋಗಗಳಿವೆ, ಹೊಸ ಕಾಯ್ದೆಯೇನೂ ಬೇಕಿಲ್ಲ.

ಇನ್ನು ಪ್ರಯಾಣ. ಅಕ್ಕನ ಸ್ನಾಯುಗಳಿಗೂ ಅದೇ ಶಕ್ತಿಯ ಬರ. 2023ರ ಮಾರ್ಚ್‌ನಲ್ಲಿ ಪ್ರಧಾನಿಯವರು ಉದ್ಘಾಟಿಸಿದ, ನಾವೆಲ್ಲ ಹೆಮ್ಮೆಪಡುವ ನಮ್ಮ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ಒಮ್ಮೆ ನಮ್ಮ ಬೋಗಿ ಅದರ ಆ ತುದಿಗೆ ನಿಂತಿತ್ತು. ಅಕ್ಕ ಮೂರು ಕಡೆ ಕುಳಿತಳು, ನಾಲ್ಕನೆಯ ಸಲ ಏಳಲಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ನಮ್ಮನ್ನು ಬಿಟ್ಟು ಹೋಯಿತು. ಬೆಂಗಳೂರಿಗೆ ಹೊರಟಿದ್ದದ್ದು ಮೂತ್ರ ಪರೀಕ್ಷೆಗೆ ಎಂದರೆ ನೀವು ನಗಬಹುದು. ಆದರೆ ಈ ದೋಷದ ಪ್ರಮಾಣ ರಕ್ತದಲ್ಲಿ ವಯಸ್ಸಾದಂತೆ ಇಳಿಯುತ್ತಾ ಹೋಗುತ್ತದೆ. ರಕ್ತದಲ್ಲಿ ಸಿಗದೇ ಹೋದದ್ದು ಮೂತ್ರದೊಂದಿಗೆ ಬರುವ ಕೋಶಗಳಲ್ಲಿ ಸಿಗಬಹುದು. ಹೋಗಬೇಕಾದದ್ದು ಒಂದು ಡಬ್ಬಿ. ಅದಕ್ಕಾಗಿ ಮನುಷ್ಯಳನ್ನೇ ಏಕೆ ಹೊತ್ತೊಯ್ಯಬೇಕು? ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸರಿಯಾಗಿ ಸಂಗ್ರಹಿಸಿ, ತಂಪು ಪೆಟ್ಟಿಗೆಯಲ್ಲಿ ರಾತ್ರಿಯ ಗಾಡಿಗೆ ಹಾಕಿದರೆ ಬೆಳಿಗ್ಗೆ ಬೆಂಗಳೂರು. ಹುಬ್ಬಳ್ಳಿಯ ವ್ಯಾಪಾರಿಗಳು ಪಾರ್ಸೆಲ್ ಕಳಿಸುವುದನ್ನು ಯಾರಿಂದಲೂ ಕಲಿಯಬೇಕಿಲ್ಲ. ಅಕ್ಕನಿಗೆ ಹದಿಮೂರು ವರ್ಷದ ಮಗಳಿದ್ದಾಳೆ, ನಾಳೆ ಈ ಡಬ್ಬಿ ಅವಳದ್ದೂ ಆಗಬಹುದು.

ಕೊನೆಯದು ಅಗ್ಗದ್ದು. ಫಿಟ್ಸ್‌ಗೆ ಎಲ್ಲೆಡೆ ಕೊಡುವ ವಾಲ್ಪ್ರೊಯೇಟ್ ಮೈಟೊಕಾಂಡ್ರಿಯಾ ಕಾಯಿಲೆಯವರಲ್ಲಿ ಆದಷ್ಟು ತಪ್ಪಿಸಬೇಕಾದ ಔಷಧಿ, ಕೆಲವು ವಿಧಗಳಲ್ಲಿ ಯಕೃತ್ತಿಗೇ ಅಪಾಯ. ರಾತ್ರಿ ಎರಡು ಗಂಟೆಗೆ ತುರ್ತು ವಿಭಾಗದ ಕಿರಿಯ ವೈದ್ಯರಿಗೆ ಇದನ್ನು ನಾನು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಸರ್ಕಾರದ ಮುದ್ರೆಯಿರುವ ಒಂದು ಕಾರ್ಡು ಕೊಡಿ, ಅದನ್ನು ತೋರಿಸುತ್ತೇನೆ.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ರೂ 50 ಲಕ್ಷದವರೆಗಿನ ನೆರವಿನ ಮಾತಿದೆ. ಅಕ್ಕನನ್ನು ಗುಣಪಡಿಸುವ ಔಷಧಿಯೇ ಇಲ್ಲದಿರುವಾಗ ನಾನು ಆ ಹಣ ಕೇಳಲು ಬಂದವನಲ್ಲ. ಬೆಳಗಾವಿ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ. ಆಗ ಸಚಿವರು ಎದ್ದು ನಿಂತು ಉತ್ತರಿಸಲೇಬೇಕು, ಇದು ಯಾವ ಇಲಾಖೆಗೆ ಬರುತ್ತದೆ ಎಂಬುದೂ ಅಂದೇ ಗೊತ್ತಾಗುತ್ತದೆ. ಪ್ರಶ್ನೆಯ ಕರಡನ್ನು ಬರೆದಿಟ್ಟಿದ್ದೇನೆ, ಹೇಳಿದ ದಿನ ತಂದು ಕೊಡುತ್ತೇನೆ.

ಈ ಪತ್ರವನ್ನು ಅಕ್ಕನಿಗೆ ಓದಿ ತೋರಿಸಿದೆ. ಟಿವಿ ಆರಿಸಿ, ಬಾಗಿಲು ಹಾಕಿ, ಎರಡು ಸಲ ಓದಬೇಕಾಯಿತು. ನಾನು ಪ್ಲಾಟ್‌ಫಾರ್ಮಿನ ಉದ್ದವನ್ನು 1,500 ಎಂದು ಬರೆದಿದ್ದೆ. ಆ ಏಳು ಮೀಟರನ್ನು ಸೇರಿಸಿದವಳು ಅವಳೇ.

ಇಂತಿ,
ಹಳೇ ಹುಬ್ಬಳ್ಳಿಯ ನಿಮ್ಮ ಮತದಾರ