ಫೀಸ್ ಕಟ್ಟುವ ಮುನ್ನ ಮ್ಯಾಟ್ ಮೇಲೆ ಮೊಣಕಾಲೂರಿ ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂದರೆ ಸಾಕು, ಈಜು, ಕರಾಟೆ, ಸ್ಕೇಟಿಂಗ್ ಜೊತೆಗೆ ಜಿಮ್ನಾಸ್ಟಿಕ್ಸ್ ಕ್ಲಾಸಿಗೂ ಮಕ್ಕಳನ್ನು ಸೇರಿಸುವ ಪಾಲಕರು ಕಲಬುರಗಿಯಲ್ಲಿದ್ದಾರೆ. ಪದಕ ಗೆಲ್ಲಲಿ ಎಂದಲ್ಲ, ಮೊಬೈಲ್ ಬಿಟ್ಟು ಮೈ ಬಗ್ಗಿಸಲಿ ಎಂದು. ಒಳ್ಳೆಯ ವಿಚಾರ. ಜಿಮ್ನಾಸ್ಟಿಕ್ಸ್ ಮಾಡಿದರೆ ಮಕ್ಕಳ ಎತ್ತರ ನಿಂತುಹೋಗುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. ವಾರಕ್ಕೆ ಎರಡು ಮೂರು ತಾಸಿನ ಹವ್ಯಾಸಿ ಕಲಿಕೆಗೆ ಆ ಅಂಜಿಕೆ ಬೇಡ. ಅಂಜಬೇಕಾದದ್ದು ನೆಲಕ್ಕೆ.

ನಮ್ಮ ಕಡೆ ಶಾಲೆಯ ಹಾಲ್ ಇರಲಿ, ಫಂಕ್ಷನ್ ಹಾಲ್ ಇರಲಿ, ಕೆಳಗೆ ಶಹಾಬಾದ್ ಪರಸಿ ಕಲ್ಲು ಇಲ್ಲವೇ ಟೈಲ್ಸ್. ಅದರ ಮೇಲೆ ಹಲ್ಲಿಗೆ ಹಲ್ಲು ಕೂಡಿಸುವ ಬಣ್ಣದ ಫೋಮ್ ಹಾಳೆ ಹಾಸಿದರೆ ಕ್ಲಾಸ್ ಸಿದ್ಧ ಎಂದು ತಿಳಿಯುವುದು ತಪ್ಪು. ಎರಡು ಸೆಂ.ಮೀ. ದಪ್ಪದ ಆ ಹಾಳೆ ಯೋಗಕ್ಕೆ ಸಾಕು, ಬೀಳುವುದಕ್ಕೆ ಸಾಲದು. ಲಾಗ ಹಾಕಲು ಕನಿಷ್ಠ 5 ಸೆಂ.ಮೀ. ದಪ್ಪದ ಗಟ್ಟಿ ಮ್ಯಾಟ್ ಬೇಕು. ಎತ್ತರದಿಂದ ಜಿಗಿಯುವುದಾದರೆ 20 ಸೆಂ.ಮೀ. ದಪ್ಪದ್ದು ಬೇಕು. ಮನೆಯ ಹತ್ತಿ ಗಾದಿ ಇದಕ್ಕೆ ಬಾರದು; ಪಾದ ಅದರಲ್ಲಿ ಹೂತು ಪಾದದ ಕೀಲು ಹೊರಳುತ್ತದೆ. ಪರೀಕ್ಷೆ ಸರಳ. ಮ್ಯಾಟ್ ಮೇಲೆ ನೀವೇ ಒಂದು ಮೊಣಕಾಲೂರಿ, ಮೈಭಾರವೆಲ್ಲ ಹಾಕಿ ಒಮ್ಮೆ ಕುಲುಕಿ. ಪರಸಿ ತಾಗಿದರೆ ಅಲ್ಲಿ ಮಗುವನ್ನು ಸೇರಿಸಬೇಡಿ. ಎರಡು ಮ್ಯಾಟ್ ನಡುವಿನ ಸಂದಿಯನ್ನೂ ನೋಡಿ. ಅಂಚಿಗೆ ವೆಲ್ಕ್ರೋ ಪಟ್ಟಿ ಇಲ್ಲದಿದ್ದರೆ ನಾಲ್ಕು ಮಕ್ಕಳು ಓಡುವಷ್ಟರಲ್ಲಿ ಸಂದಿ ಬಾಯಿ ಬಿಡುತ್ತದೆ, ಐದನೆಯ ಮಗುವಿನ ಪಾದ ಅದರಲ್ಲಿ ಸಿಕ್ಕುತ್ತದೆ. ಗೋಡೆ ಮತ್ತು ಕಂಬಗಳಿಂದ ಮ್ಯಾಟ್ ಎರಡು ಮೀಟರ್ ಆದರೂ ದೂರ ಇರಲಿ.

ಮೊದಲ ವಾರ ಕಲಿಸಬೇಕಾದದ್ದು ಬೀಳುವುದನ್ನು. ಮಕ್ಕಳು ಹಿಂದಕ್ಕೆ ಜೋಲಿ ತಪ್ಪಿದಾಗ ತಮಗೆ ತಿಳಿಯದೆಯೇ ಕೈಯನ್ನು ಹಿಂದೆ ಊರುತ್ತಾರೆ. ಇಡೀ ಮೈಭಾರ ಸೆಟೆದ ಮೊಣಕೈ ಮೇಲೆ ಬೀಳುತ್ತದೆ. ಮಕ್ಕಳ ಮೊಣಕೈ, ಮಣಿಕಟ್ಟು ಮುರಿಯುವುದು ಬಹುಪಾಲು ಹೀಗೆಯೇ. ಕೈ ಎದೆಗೆ ಕಟ್ಟಿ, ಮೊಣಕಾಲು ಮಡಚಿ ಕುಕ್ಕರಿಸಿ, ಬೆನ್ನು ಗುಂಡಗೆ ಮಾಡಿ ತೊಟ್ಟಿಲಿನಂತೆ ಹಿಂದಕ್ಕೆ ಉರುಳಬೇಕು. ಅದು ರೂಢಿಯಾದ ಮೇಲೆಯೇ ಮುಂದಲಾಗ. ಮುಂದಲಾಗದಲ್ಲಿ ಗದ್ದ ಎದೆಗೆ ತಾಗಿರಬೇಕು, ನೆತ್ತಿ ನೆಲಕ್ಕೆ ತಾಗಬಾರದು. ಭುಜ ಮತ್ತು ಬೆನ್ನಿನ ಮೇಲ್ಭಾಗದ ಮೇಲೆ ಉರುಳಿ, ಏಳುವಾಗ ಕೈ ಊರದೆ ನಿಂತರೆ ಮಗು ಕಲಿತಿದೆ ಎಂದರ್ಥ. ಗದ್ದ ಎದೆಗೆ ಹಿಡಿಯಲು ಬಾರದ ಮಗುವಿಗೆ ಗದ್ದದ ಕೆಳಗೆ ಕರವಸ್ತ್ರ ಇಟ್ಟು, ಬೀಳಿಸದೆ ಉರುಳು ಎಂದರೆ ತಾನೇ ಸರಿಹೋಗುತ್ತದೆ. ಹಿಂದಲಾಗ ಇದಕ್ಕಿಂತ ಕಷ್ಟ. ಅಂಗೈ ಕಿವಿ ಪಕ್ಕದಲ್ಲಿ ಊರಿ ನೆಲವನ್ನು ಒತ್ತದಿದ್ದರೆ ಭಾರವೆಲ್ಲ ಗೋಣಿನ ಮೇಲೆ ಬರುತ್ತದೆ. ಅದನ್ನು ಇಳಿಜಾರು ಮ್ಯಾಟ್ ಮೇಲೆ ಕಲಿಸಬೇಕು.

ಸಮತೋಲನದಿಂದ ನಡೆಯುವ ತೊಲೆ, ಅಂದರೆ ಸ್ಪರ್ಧೆಯ ಬ್ಯಾಲೆನ್ಸ್ ಬೀಮ್ 10 ಸೆಂ.ಮೀ. ಅಗಲ, 5 ಮೀಟರ್ ಉದ್ದ, ನೆಲದಿಂದ 125 ಸೆಂ.ಮೀ. ಎತ್ತರ. ಹೊಸಬರಿಗೆ ಇಷ್ಟು ಎತ್ತರ ಏಕೆ? ನೆಲದ ಮೇಲೆ ಸುಣ್ಣದಕಡ್ಡಿಯ ಗೆರೆ ಸಾಕು, ಆಮೇಲೆ ಗೇಣೆತ್ತರದ ಮರದ ತೊಲೆ.

ಬಗ್ಗಿಸುವ ವಿಷಯದಲ್ಲಿ ಪಾಲಕರು ಗಟ್ಟಿಯಾಗಿ ಮಾತಾಡಬೇಕು. ಎರಡೂ ಕಾಲನ್ನು ವಿರುದ್ಧ ದಿಕ್ಕಿಗೆ ಚಾಚಿ ಸ್ಪ್ಲಿಟ್‌ನಲ್ಲಿ ಕುಳಿತ ಮಗುವಿನ ಭುಜ ಒತ್ತಿ ಕೆಳಗಿಳಿಸುವುದನ್ನು ಯಾರೂ ಒಪ್ಪಬಾರದು. ಬೆಳೆಯುವ ಮಕ್ಕಳಲ್ಲಿ ತೊಡೆಯ ಸ್ನಾಯು ಎಲುಬಿಗೆ ಅಂಟಿದ ಜಾಗ ಇನ್ನೂ ಮೆತ್ತಗಿರುತ್ತದೆ, ಸ್ನಾಯುವಿಗಿಂತ ಮೊದಲು ಅದೇ ಕಿತ್ತು ಬರಬಹುದು. ಹಿಂದಕ್ಕೆ ಬಾಗಿ ಕೈ ನೆಲಕ್ಕೂರುವ ಕಮಾನು ಹಾಕುವಾಗ ಭುಜ ತೆರೆಯದಿದ್ದರೆ ಬಾಗುವ ಕೆಲಸವನ್ನೆಲ್ಲ ಸೊಂಟ ಮಾಡುತ್ತದೆ. ಅಂಗಾತ ಮಲಗಿದ ಮಗು ಬೆನ್ನು ಎತ್ತದೆ ಎರಡೂ ಕೈಯನ್ನು ತಲೆಯಾಚೆ ನೆಲಕ್ಕೆ ಮುಟ್ಟಿಸಲಾರದಿದ್ದರೆ ಕಮಾನಿಗೆ ಇನ್ನೂ ಹೊತ್ತಾಗಿಲ್ಲ. ಸೊಂಟನೋವು ಎರಡು ವಾರ ನಿಂತರೆ ಹಿಂದಕ್ಕೆ ಬಾಗುವುದನ್ನೆಲ್ಲ ನಿಲ್ಲಿಸಿ, ಎಲುಬಿನ ವೈದ್ಯರಿಗೆ ತೋರಿಸಿ. ಬೆನ್ನೆಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದ್ದರೂ ಹೊರಗೆ ಏನೂ ಕಾಣುವುದಿಲ್ಲ.

ಅವಸರದ ಬೇರು ಶಿಬಿರದ ಸಮಾರೋಪದ ಪ್ರದರ್ಶನದಲ್ಲಿದೆ. ಪಾಲಕರ ಮೊಬೈಲ್ ವಿಡಿಯೋಗಾಗಿ 30 ದಿನದ ಶಿಬಿರದಲ್ಲಿ ಗಾಳಿಯಲ್ಲಿ ಹಿಂದಕ್ಕೆ ಲಾಗ ಹಾಕುವ ಬ್ಯಾಕ್‌ಫ್ಲಿಪ್ ಬೇಕೆಂದರೆ ಹೇಗೆ? ಆರನೇ ವಯಸ್ಸಿಗೆ ಶುರು ಮಾಡಿದ ಭಾರತದ ಜಿಮ್ನಾಸ್ಟ್ ದೀಪಾ ಕರ್ಮಾಕರ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ, ಓಡಿ ಬಂದು ಮೇಜಿಗೆ ಕೈಯೂರಿ ಹಾರುವ ವಾಲ್ಟ್‌ನಲ್ಲಿ ನಾಲ್ಕನೆಯವರಾದಾಗ ಅವರಿಗೆ 23 ವರ್ಷ. ಕಂಚು ತಪ್ಪಿದ್ದು 0.15 ಅಂಕದಿಂದ. ಒಂದು ತಿಂಗಳಲ್ಲಿ ಮಗು ಅಂದವಾದ ಮುಂದಲಾಗ, ಗೋಡೆ ಆಸರೆಯಲ್ಲಿ ಕೈ ಮೇಲೆ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡ್, ಚಕ್ರದಂತೆ ಪಕ್ಕಕ್ಕೆ ಉರುಳುವ ಕಾರ್ಟ್‌ವೀಲ್ ಅರ್ಧಂಬರ್ಧ ಕಲಿತರೆ ಕೋಚ್ ಚೆನ್ನಾಗಿ ಕಲಿಸಿದ್ದಾರೆ ಎಂದೇ ತಿಳಿಯಿರಿ.

ಕೋಚ್ ಬಳಿ ದೈಹಿಕ ಶಿಕ್ಷಣದ ಪದವಿ ಇದ್ದರೆ ಸಾಲದು, ಜಿಮ್ನಾಸ್ಟಿಕ್ಸ್‌ನದೇ ತರಬೇತಿ ಆಗಿದೆಯೇ ಕೇಳಿ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಅಂಥ ಡಿಪ್ಲೊಮಾ ಕೊಡುತ್ತದೆ. ಒಬ್ಬ ಕೋಚ್‌ಗೆ ಎಂಟು ಮಕ್ಕಳಿಗಿಂತ ಹೆಚ್ಚಿದ್ದರೆ ಆಸರೆಯ ಕೈ ಎಲ್ಲರಿಗೂ ಸಿಗದು. ಆಸರೆ ಕೊಡುವಾಗ ಮೈ ಮುಟ್ಟಲೇಬೇಕಾಗುತ್ತದೆ. ಎಲ್ಲಿ, ಏಕೆ ಹಿಡಿಯುತ್ತೇನೆ ಎಂದು ಮಗುವಿಗೆ ಮೊದಲೇ ಹೇಳಬೇಕು. ಪಾಲಕರು ಕುಳಿತು ನೋಡದಂತೆ ಬಾಗಿಲು ಮುಚ್ಚುವ ಕ್ಲಾಸ್ ಬೇಡವೇ ಬೇಡ.

ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ತಗಡಿನ ಶೆಡ್‌ನಲ್ಲಿ ಸಂಜೆ ಐದಕ್ಕೂ ಕಾವು ಇಳಿದಿರುವುದಿಲ್ಲ. ಕ್ಲಾಸ್ ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ಮುಗಿಯಲಿ, ಪ್ರತಿ 20 ನಿಮಿಷಕ್ಕೆ ನೀರು ಕುಡಿಸಲಿ. ಬೆವರಿದ ಅಂಗೈಗೆ ಮೋರೆಗೆ ಹಚ್ಚುವ ಪೌಡರ್ ಹಾಕಬೇಡಿ, ಅದು ಇನ್ನಷ್ಟು ಜಾರುತ್ತದೆ. ಬೇಕಾದದ್ದು ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. ಸಾಕ್ಸ್, ಬಳೆ, ಕಾಲ್ಗೆಜ್ಜೆ, ಕೊರಳ ದಾರ ಬಿಚ್ಚಿಡಿ. ನೆತ್ತಿಯ ಮೇಲೆ ತುರುಬು ಕಟ್ಟಿದರೆ ಲಾಗದಲ್ಲಿ ಒತ್ತುತ್ತದೆ, ಬಿಗಿಯಾದ ಜಡೆ ಸಾಕು.

ಇಷ್ಟಾಗಿಯೂ ಪೆಟ್ಟಾದರೆ? ಊದಿಕೊಂಡ ಮೊಣಕೈಗೆ ಎಣ್ಣೆ ಹಚ್ಚಿ ತಿಕ್ಕಬಾರದು, ಎಳೆಯಬಾರದು, ನಾಟಿ ಕಟ್ಟು ಹಾಕುವವರ ಬಳಿ ಓಡಬಾರದು. ತಿಕ್ಕಿದ ಮೊಣಕೈ ಮುಂದೆ ಮಡಚಲಾಗದಂತೆ ಸೆಟೆದುಕೊಳ್ಳುವ ಅಪಾಯವಿದೆ. ಇದ್ದ ಸ್ಥಿತಿಯಲ್ಲೇ ರಟ್ಟಿನ ಆಸರೆ ಕೊಟ್ಟು, ದುಪಟ್ಟಾದಿಂದ ಕೊರಳಿಗೆ ಜೋಳಿಗೆ ಕಟ್ಟಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ಒಯ್ಯಿರಿ. ಅರಿವಳಿಕೆ ಕೊಡಬೇಕಾಗಬಹುದು, ಏನೂ ತಿನ್ನಿಸಬೇಡಿ. ಬೆರಳು ತಣ್ಣಗಾದರೆ, ಬಿಳುಚಿದರೆ, ಜೋಮು ಹಿಡಿದರೆ ಒಂದು ನಿಮಿಷವೂ ತಡ ಮಾಡಬೇಡಿ. ಗೋಣಿಗೆ ಪೆಟ್ಟಾದ ಮಗುವನ್ನು ಎತ್ತಿ ಕೂರಿಸಬಾರದು. ಬಿದ್ದಲ್ಲೇ ತಲೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಬೇಕು.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ, ಶಾಲಾ ಆಡಳಿತ ಮಂಡಳಿಗಳಿಗೆ ನಮ್ಮ ವಿನಂತಿ ಒಂದೇ. ಶಿಬಿರಕ್ಕೆ ಹಾಲ್ ಬಿಟ್ಟುಕೊಡುವ ಮುನ್ನ ಮ್ಯಾಟ್‌ನ ದಪ್ಪ, ಕೋಚ್‌ನ ಪ್ರಮಾಣಪತ್ರ, ಮಕ್ಕಳ ಸಂಖ್ಯೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಈ ನಾಲ್ಕನ್ನು ಸ್ಥಳಕ್ಕೆ ಬಂದು ನೋಡಿ, ಆಮೇಲೆ ಅನುಮತಿ ಕೊಡಿ. ಈ ಬೇಸಿಗೆಯಿಂದಲೇ ಇದು ಶುರುವಾಗಲಿ.

– ಜಿಮ್ನಾಸ್ಟಿಕ್ಸ್ ಕಲಿಯುವ ಮಕ್ಕಳ ಪಾಲಕರು ಮತ್ತು ತರಬೇತುದಾರರು, ಕಲಬುರಗಿ